ತೂತು ನಳಿಗೆಯ ಹಿಂದೆ ಬಿದ್ದವರು

ಕೌಬಾಯ್ ಸಿನಿಮಾ ನೋಡಿದ್ದೀರಿ ಅಲ್ವಾ? ಹೀರೋ ಟ್ರಿಗರ್ ಸುತ್ತಲಿನ ಕಬ್ಬಿಣದ ಹಿಡಿಯನ್ನ ಕೆಳಕ್ಕೆ ಎಳೆದು ಮೇಲಕ್ಕೆ ತರ್ತಾನೆ. ಖಾಲಿ ತೋಟಾ ಹೊರಕ್ಕೆ, ಹೊಸದು ಒಳಕ್ಕೆ. ಅದೇ ಲಿವರ್-ಆಕ್ಷನ್ ರೈಫಲ್. ಅಮೆರಿಕದಲ್ಲಿ ಇದನ್ನ ಸಂಗ್ರಹಿಸೋರ ದೊಡ್ಡ ದಂಡೇ ಇದೆ. ಅವರಲ್ಲಿ ಕೆಲವರು ಹುಡುಕೋದು ಏನನ್ನ ಗೊತ್ತಾ? ನಳಿಗೆ ಮೋಟಾಗಿರಬೇಕು, ತುದಿಯಲ್ಲಿ ತೂತುಗಳಿರಬೇಕು!

1998ರಲ್ಲಿ ಮಾರ್ಲಿನ್ ಕಂಪನಿ 'ಗೈಡ್ ಗನ್' ಅನ್ನೋ ರೈಫಲ್ ತಂತು. ನಳಿಗೆ ಬರೀ 18.5 ಇಂಚು. ತೋಟಾ .45-70, ಅಂದರೆ 1873ರಲ್ಲಿ ಅಮೆರಿಕದ ಸೇನೆಗೆ ಬಂದ ದಪ್ಪ ತೋಟಾ. ಅಲಾಸ್ಕಾದಂಥ ಕಾಡಿನಲ್ಲಿ ಬೇಟೆಗಾರರಿಗೆ ದಾರಿ ತೋರಿಸುವ ಗೈಡ್‌ಗಳನ್ನ ನೆನೆದು ಇಟ್ಟ ಹೆಸರು. ಪೊದೆಯಿಂದ ಕರಡಿ ನುಗ್ಗಿದಾಗ ತಟ್ಟನೆ ಎತ್ತೋಕೆ ಮೋಟು ಬಂದೂಕೇ ಸರಿ. ಆದರೆ ಹಗುರ ಬಂದೂಕು, ಭಾರಿ ತೋಟಾ. ಭುಜಕ್ಕೆ ಒದೆಯುತ್ತೆ, ಮೂತಿ ಮೇಲಕ್ಕೆ ಹಾರುತ್ತೆ.

ಅದಕ್ಕೇ ಪೋರ್ಟಿಂಗ್. ನಳಿಗೆಯ ತುದಿಯಲ್ಲಿ ಮೇಲ್ಮುಖವಾಗಿ ಸಣ್ಣ ತೂತುಗಳು. ಬಿಸಿ ಅನಿಲ ಮೇಲಕ್ಕೆ ನುಗ್ಗಿದರೆ ಮೂತಿ ಕೆಳಕ್ಕೆ ಒತ್ತುತ್ತೆ. ನ್ಯೂಟನ್ನನ ಮೂರನೇ ನಿಯಮ, ಅಷ್ಟೇ. ಎರಡನೇ ಗುಂಡಿಗೆ ಬೇಗ ಗುರಿ ಸಿಗುತ್ತೆ.

ಹಾಗಾದ್ರೆ ಲಾಭವೇ ಅಲ್ವಾ? ಸ್ವಲ್ಪ ತಾಳಿ. ಭುಜಕ್ಕೆ ಬೀಳೋ ಒದೆತ ಅಷ್ಟೇನೂ ತಗ್ಗಲ್ಲ. ಆ ಅನಿಲದ ಜೊತೆ ಸದ್ದೂ ಹೊರಕ್ಕೆ ಬರುತ್ತೆ, ಮುಸ್ಸಂಜೆಯಲ್ಲಿ ಬೆಂಕಿಯ ಝಳಕೂ ಕಣ್ಣಿಗೆ ಹೊಡೆಯುತ್ತೆ. ಕ್ಷಣಮಾತ್ರದ ಸದ್ದಿಗೆ 140 ಡೆಸಿಬಲ್ ದಾಟಬಾರದ ಗೆರೆ. ಇಂಥ ರೈಫಲ್ ಪೋರ್ಟಿಂಗ್ ಇಲ್ಲದೆಯೂ ಅದನ್ನ ದಾಟುತ್ತೆ. ನಳಿಗೆ ಮೋಟಾದಷ್ಟೂ ಆ ಸದ್ದು ಕಿವಿಗೆ ಹತ್ತಿರ. ಶೂಟಿಂಗ್ ರೇಂಜ್‌ನಲ್ಲಾದರೆ ಕಿವಿಗೆ ರಕ್ಷಣೆ ಇರುತ್ತೆ. ಕರಡಿ ಎದುರು ಬಂದಾಗ? 'ಒಂದು ನಿಮಿಷ ನಿಲ್ಲಪ್ಪಾ, ಕಿವಿ ಮುಚ್ಕೊಳ್ತೀನಿ' ಅನ್ನೋಕಾಗುತ್ತಾ? ಪಕ್ಕದಲ್ಲಿ ನಿಂತವನ ಗತಿ ಏನು? ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ ಸ್ವಾಮಿ!

ಕೆಲವೇ ವರ್ಷಗಳಲ್ಲಿ ಮಾರ್ಲಿನ್ ಗೈಡ್ ಗನ್ನಿನ ತೂತುಗಳನ್ನ ಕೈಬಿಟ್ಟಿತು. ಮುಂದೆ ಕಂಪನಿಯೇ ರೆಮಿಂಗ್ಟನ್ ಪಾಲಾಯ್ತು, 2020ರಲ್ಲಿ ರೂಗರ್ ಕೊಂಡುಕೊಂಡಿತು. ಈಗ ಆ ಮೊದಲ ತೂತು ನಳಿಗೆಗಳೇ ಸಂಗ್ರಹಕಾರರ ಕಣ್ಣಿಗೆ ಚೆಂದ! ಅದರಲ್ಲಿ ತಪ್ಪೇನಿಲ್ಲ. ಕಾರ್ಖಾನೆಯಲ್ಲೇ ಕೊರೆದ ತೂತು ಒಂದು ಕಾಲದ ಗುರುತು. ಆದರೆ ಅದನ್ನ ನೋಡಿ ಮನೆಯ ಹಳೇ ರೈಫಲ್‌ಗೆ ತೂತು ಕೊರೆಸಿದರೆ ಅದರ ಮೂಲರೂಪವೂ ಹೋಯ್ತು, ಬೆಲೆಯೂ ಹೋಯ್ತು. ಒದೆತ ತಡೀಬೇಕಾ? ಹಿಂಬದಿಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿ, ಹಗುರ ತೋಟಾ ಬಳಸಿ.

ಬೀರುವಿನಲ್ಲಿರೋ ಬಂದೂಕಿಗೆ ಎಷ್ಟು ತೂತಾದರೂ ಇರಲಿ. ಕಾಡಿಗೆ ಹೋಗೋ ಬಂದೂಕಿಗೆ ಬೇಡ. ಕಿವಿ ಸಂಗ್ರಹದ ವಸ್ತುವಲ್ಲ, ಇನ್ನೊಂದು ಜೋಡಿ ಮಾರ್ಕೆಟ್‌ನಲ್ಲಿ ಸಿಗಲ್ಲ.