ಕೆಸುವನ್ನು ಗುರುತಿಸುವ ಬಗೆ



ಮಳೆಗಾಲದಲ್ಲಿ ಠಾಣೆ ನಗರದ ವಾಗ್ಳೆ ಎಸ್ಟೇಟಿನ ಕನ್ನಡಿಗರಿಗೂ ಪತ್ರೊಡೆಯ ನೆನಪಾಗುವುದು ಸಹಜ. ಮರಾಠಿಗರ ‘ಅಳೂ’ ಕೆಸುವೇ ಆಗಿದೆ. ಆದರೆ ಅದನ್ನು ಹೋಲುವ, ಅಲಂಕಾರಕ್ಕೆಂದು ಬೆಳೆಸುವ ಅಲೋಕೇಸಿಯಾದ ಎಲೆಯನ್ನು ತಿಂದರೆ ಬಾಯಿ, ಗಂಟಲು ಉರಿದು ಊದಿಕೊಳ್ಳಬಹುದು.

ಕೆಸುವಿನ ತೊಟ್ಟು ಎಲೆಯ ಸೀಳಿಗೆ ತಾಗದೆ, ತುಸು ಒಳಗೆ, ಎಲೆಯ ಬೆನ್ನಿಗೆ ಕೂಡಿರುತ್ತದೆ. ತುದಿ ನೆಲದತ್ತ ಬಾಗಿರುತ್ತದೆ. ಮೇಲೆ ಬಿದ್ದ ನೀರು ಮುತ್ತಿನಂತೆ ಉರುಳಿಹೋಗುತ್ತದೆ. ಅಲೋಕೇಸಿಯಾದ ಬಲಿತ ಎಲೆಯಲ್ಲಿ ತೊಟ್ಟು ಸಾಮಾನ್ಯವಾಗಿ ಸೀಳಿನ ಬಳಿಯೇ ಸೇರುತ್ತದೆ. ತುದಿ ಬಹುತೇಕ ಮೇಲ್ಮುಖ. ಎಳೆಯ ಗಿಡದಲ್ಲಿ ಈ ಗುರುತು ಮೋಸ ಮಾಡೀತು, ಸಂಶಯವಿದ್ದರೆ ಕೀಳಬಾರದು.

ಕೆಸುವನ್ನೂ ಹಸಿಯಾಗಿ ತಿನ್ನತಕ್ಕದ್ದಲ್ಲ. ಅದರಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಹುಣಿಸೆಹಣ್ಣು ಸೇರಿಸಿ ಚೆನ್ನಾಗಿ ಬೇಯಿಸಬೇಕು. ಕಾರ್ಖಾನೆಗಳ ಚರಂಡಿಯಂಚಿನಲ್ಲಿ ಬೆಳೆದ ಕೆಸು ಕೊಳೆನೀರಿನ ವಿಷಾಂಶವನ್ನು ಹೀರಿಕೊಂಡಿರಬಹುದಾದ್ದರಿಂದ, ಗುರುತು ಸರಿಯಿದ್ದರೂ ಅದನ್ನು ಅಡುಗೆಗೆ ತರಬಾರದು.