ಮೊಬೈಲಿನ ಮೈಗೆ ಪ್ಲಾಸ್ಟಿಕ್ಕೋ, ಲೋಹವೋ?

(ಸಂಘದ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದವರು ನನಗೆ ಕೊಟ್ಟ ವಿಷಯ 'ದಿನನಿತ್ಯದ ಬದುಕಿನಲ್ಲಿ ವಿಜ್ಞಾನ'. ಇದು ಕಡಲಿನಷ್ಟು ವಿಶಾಲವಾದದ್ದು. ಸಿಕ್ಕಿರುವ ಅಲ್ಪ ಸಮಯದಲ್ಲಿ ಅದರಿಂದ ಒಂದು ಬೊಗಸೆ ನೀರನ್ನಷ್ಟೇ ಎತ್ತಿಕೊಳ್ಳುತ್ತೇನೆ. ನಿಮ್ಮೆಲ್ಲರ ಜೇಬಿನಲ್ಲಿರುವ ಮೊಬೈಲಿನ ಬಗ್ಗೆ, ಅದರಲ್ಲೂ ಅದರ ಹೊರಮೈಯ ಬಗ್ಗೆ ಮಾತ್ರ ಮಾತನಾಡುತ್ತೇನೆ. ಇಷ್ಟು ಸಣ್ಣ ವಿಷಯವೇಕೆ ಎಂದು ಹಿರಿಯರು ಕೇಳಬಹುದು. ಕಾರಣವಿದೆ.

ಕಳೆದ ವರ್ಷ ನನ್ನ ತರಗತಿಯ ಹುಡುಗನೊಬ್ಬ ಹೊಸ ಫೋನು ಬೇಕೆಂದು ಮನೆಯಲ್ಲಿ ಹಠ ಹಿಡಿದಿದ್ದ. ಅವನ ತಂದೆ ಆಟೋ ಓಡಿಸುವವರು. ಅವರೇ ನನ್ನ ಬಳಿ ಬಂದು, "ಸಾರ್, ನೀವಾದರೂ ಸ್ವಲ್ಪ ಹೇಳಿ" ಎಂದರು. ಹುಡುಗನನ್ನು ಕರೆದು ಹಳೆಯ ಫೋನಿಗೆ ಏನಾಗಿದೆ ಎಂದು ಕೇಳಿದೆ. "ಏನೂ ಆಗಿಲ್ಲ ಸಾರ್, ಆದರೆ ಅದು ಪ್ಲಾಸ್ಟಿಕ್ಕಿನದು. ಎಲ್ಲರೂ ಆಟದ ಸಾಮಾನು ಅಂತ ನಗುತ್ತಾರೆ" ಎಂದ. ನನ್ನ ಮಾತು ನಾಟಲಿಲ್ಲ. ಕೊನೆಗೆ ಕಂತಿನ ಮೇಲೆ ಲೋಹದ ಮೈಯ ಫೋನು ಬಂತು. ತಿಂಗಳು ಕಳೆದ ಮೇಲೆ ತೋರಿಸು ಎಂದೆ. ಕಪ್ಪು ಬಣ್ಣದ ದಪ್ಪ ಕವರಿನೊಳಗಿದ್ದ ಫೋನನ್ನು ಕೈಗಿಟ್ಟ. "ಲೋಹ ಎಲ್ಲಿದೆಯಪ್ಪಾ?" ಎಂದು ಕೇಳಿದೆ. "ಒಳಗಿದೆ ಸಾರ್" ಎಂದ! ಆ ಕವರು ಯಾವುದರಿಂದ ಮಾಡಿದ್ದೆಂದು ಬಲ್ಲಿರಾ? ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ.

ನೀವೆಲ್ಲ ನಕ್ಕಿರಿ. ಆದರೆ ಆ ತಂದೆ ಇನ್ನೂ ಕಂತು ಕಟ್ಟುತ್ತಿದ್ದಾರೆ.

ಲೋಹ ಎಂದರೆ ಮೇಲು, ಪ್ಲಾಸ್ಟಿಕ್ ಎಂದರೆ ಕೀಳು ಎಂಬ ಈ ನಂಬಿಕೆ ಎಲ್ಲಿಂದ ಬಂತು? ಬಹುಮಟ್ಟಿಗೆ ನಮ್ಮ ಬೆರಳಿನಿಂದ. ಲೋಹವನ್ನು ಮುಟ್ಟಿದರೆ ತಣ್ಣಗಿರುತ್ತದೆ, ಕೈಗೆ ತೂಕ ಸಿಗುತ್ತದೆ. ಇದು ಗಟ್ಟಿ ಮಾಲು ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ನಿಜವಾಗಿ ಒಂದೇ ಕೋಣೆಯಲ್ಲಿಟ್ಟ ಲೋಹ ಮತ್ತು ಪ್ಲಾಸ್ಟಿಕ್ ಎರಡರ ಉಷ್ಣತೆಯೂ ಒಂದೇ. ಲೋಹ ನಮ್ಮ ಬೆರಳಿನ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ತಣ್ಣಗೆ ತೋರುತ್ತದೆ, ಅಷ್ಟೆ.

ಈಗ ಫೋನಿನ ಮೂಲ ಕೆಲಸಕ್ಕೆ ಬರೋಣ. ಅದು ರೇಡಿಯೋ ತರಂಗಗಳನ್ನು ಕಳಿಸಬೇಕು, ಪಡೆಯಬೇಕು. ಲೋಹ ಈ ತರಂಗಗಳಿಗೆ ಗೋಡೆಯಿದ್ದಂತೆ. ಸುತ್ತಲೂ ಲೋಹವಿದ್ದರೆ ಹೊರಗಿನ ವಿದ್ಯುತ್ ಪ್ರಭಾವ ಒಳಗೆ ತಲುಪುವುದಿಲ್ಲವೆಂದು ಮೈಕೇಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದ. ಮನೆಯಲ್ಲಿ ನೀವೇ ಪರೀಕ್ಷಿಸಬಹುದು. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯಲ್ಲಿ ಫೋನನ್ನು ಸಂದಿಲ್ಲದಂತೆ ಮೂರ್ನಾಲ್ಕು ಸುತ್ತು ಸುತ್ತಿ, ಇನ್ನೊಂದು ಫೋನಿನಿಂದ ಕರೆ ಮಾಡಿ. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಆ ಪರಿಚಿತ ದನಿ ಕೇಳಿಸಬಹುದು. ಫೋನು ಮಾತ್ರ ನಿಮ್ಮ ಮೇಜಿನ ಮೇಲೆಯೇ ಇರುತ್ತದೆ!

ಆದ್ದರಿಂದ ಪೂರ್ತಿ ಲೋಹದ ಫೋನು ಎಂಬುದೇ ಇಲ್ಲ. ಎಲ್ಲಾದರೊಂದು ಕಡೆ ಕಿಟಕಿ ಬಿಡಲೇಬೇಕು. 2007ರ ಮೊದಲ ಐಫೋನಿನ ಬೆನ್ನು ಅಲ್ಯೂಮಿನಿಯಂ. ಆದರೆ ಕೆಳಭಾಗದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ತುಂಡೊಂದಿತ್ತು. ಆಂಟೆನಾ ಇದ್ದದ್ದು ಅದರ ಹಿಂದೆ. ಮರುವರ್ಷ ಬಂದ ಐಫೋನ್ 3ಜಿಗೆ ಬೆನ್ನೇ ಪ್ಲಾಸ್ಟಿಕ್. 2010ರ ಐಫೋನ್ 4ರಲ್ಲಿ ಉಕ್ಕಿನ ಅಂಚನ್ನೇ ಆಂಟೆನಾ ಮಾಡಿದರು. ಜಾಣತನವೇ ಸರಿ. ಆದರೆ ಎಡಗೈಯಲ್ಲಿ ಹಿಡಿದಾಗ ಅಂಗೈ ಕೆಳಗಿನ ಸಂದಿಗೆ ತಾಗಿ ಸಿಗ್ನಲ್ ಕುಸಿಯುತ್ತಿತ್ತು. ಜಗತ್ತಿನಾದ್ಯಂತ ದೂರುಗಳೆದ್ದವು. ಆ ವರ್ಷದ ಜುಲೈಯಲ್ಲಿ ಆಪಲ್ ಕಂಪೆನಿ ಗ್ರಾಹಕರಿಗೆ ಪುಕ್ಕಟೆ ಕವರು ಹಂಚಬೇಕಾಯಿತು. 2014ರ ನಂತರದ ಲೋಹದ ಫೋನುಗಳ ಬೆನ್ನಿನ ಮೇಲೆ ತೆಳುವಾದ ಪಟ್ಟಿಗಳನ್ನು ನೋಡಿರಬಹುದು. ಅವು ಅಲಂಕಾರಕ್ಕಲ್ಲ, ತರಂಗಗಳು ಹೋಗಿಬರಲು ಬಿಟ್ಟ ದಾರಿ. ಮುಂದೆ ತಂತಿಯಿಲ್ಲದ ಚಾರ್ಜಿಂಗ್ ಬೇಕಾದಾಗ ಲೋಹದ ಬೆನ್ನು ಮತ್ತೆ ಅಡ್ಡಬಂತು; 2017ರಲ್ಲಿ ಐಫೋನ್ 8ಕ್ಕೆ ಗಾಜಿನ ಬೆನ್ನು ಹಾಕಿದರು.

ಇನ್ನು ಶಾಖ. ಇಲ್ಲಿ ಲೋಹದ್ದೇ ಮೇಲುಗೈ ಎಂದು ಒಪ್ಪಿಕೊಳ್ಳಬೇಕು. ಫೋನುಗಳ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಕಾರ್ಬನೇಟ್. ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಪರದೆಯೂ, ಹಿಂದೆ ನಾವು ಹಾಡು ಕೇಳುತ್ತಿದ್ದ ಸಿ.ಡಿ.ಯೂ ಅದೇ. ಅದರ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.2 ವ್ಯಾಟ್. ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಅದು 150ಕ್ಕೂ ಮೇಲಿರುವುದು ಸಾಮಾನ್ಯ. ಒಳಗೆ ಚಿಪ್ ಕಾದಾಗ ಲೋಹದ ಮೈ ಆ ಶಾಖವನ್ನು ಹರಡಿ ಹೊರಗೆ ಹಾಕುತ್ತದೆ. ಕೈಗೆ ಬಿಸಿ ತಟ್ಟುತ್ತದೆ, ಆದರೆ ಚಿಪ್ಪಿಗೆ ಅದು ಒಳ್ಳೆಯದು. ಪ್ಲಾಸ್ಟಿಕ್ ಮೈ ಕೈಗೆ ತಂಪಾಗಿರುತ್ತದೆ, ಶಾಖ ಒಳಗೇ ಉಳಿಯುತ್ತದೆ. ಬಿಸಿ ಚಹಾದ ಸ್ಟೀಲ್ ಲೋಟ ಮತ್ತು ಪ್ಲಾಸ್ಟಿಕ್ ಲೋಟವನ್ನು ಹಿಡಿದು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಲೋಹಗಳಲ್ಲೂ ಭೇದವಿದೆ. 2023ರಲ್ಲಿ ಐಫೋನ್ 15 ಪ್ರೋಗೆ ಟೈಟಾನಿಯಂ ಚೌಕಟ್ಟು ಬಂದಾಗ ಎಷ್ಟೊಂದು ಪ್ರಚಾರ! ಟೈಟಾನಿಯಂ ಬಲವಾದದ್ದು ನಿಜ, ಶಾಖ ಸಾಗಿಸುವುದರಲ್ಲಿ ಮಾತ್ರ ಅಲ್ಯೂಮಿನಿಯಂಗಿಂತ ಬಹಳ ಹಿಂದೆ. 2025ರ 17 ಪ್ರೋದಲ್ಲಿ ಅದೇ ಕಂಪೆನಿ ಅಲ್ಯೂಮಿನಿಯಂಗೆ ಮರಳಿತು. ಹಾಗಾದರೆ ದುಬಾರಿ ಲೋಹವೇ ಮೇಲು ಎಂಬ ಮಾತು ಎಲ್ಲಿ ಉಳಿಯಿತು?

ಕೆಳಗೆ ಬಿದ್ದಾಗ ಏನಾಗುತ್ತದೆ? ಪ್ಲಾಸ್ಟಿಕ್ ಬಾಗಿ, ಪೆಟ್ಟನ್ನು ನುಂಗಿ, ಮತ್ತೆ ಮೊದಲಿನಂತಾಗುತ್ತದೆ. ಅಲ್ಯೂಮಿನಿಯಂ ತಗ್ಗು ಬಿದ್ದರೆ ಬಿದ್ದದ್ದೇ. ಹಳೆಯ ಕಾಲದ ಪ್ಲಾಸ್ಟಿಕ್ ಮೊಬೈಲು ಬಿದ್ದಾಗ ಮುಚ್ಚಳ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ ಹಾರುತ್ತಿದ್ದುದನ್ನು ಇಲ್ಲಿರುವ ಹಿರಿಯರು ಕಂಡಿದ್ದಾರೆ. ಪೆಟ್ಟಿನ ಶಕ್ತಿಯ ಒಂದು ಪಾಲು ಆ ಚೆಲ್ಲಾಪಿಲ್ಲಿಯಲ್ಲೇ ಖರ್ಚಾಗುತ್ತಿತ್ತು. ಹೆಕ್ಕಿ ಜೋಡಿಸಿದರೆ ಮತ್ತೆ ಮಾತು! ಬ್ಯಾಟರಿ ಸತ್ತರೆ ಅಂಗಡಿಗೆ ಹೋಗಬೇಕಾಗಿರಲಿಲ್ಲ, ಉಗುರಿನಿಂದಲೇ ಮುಚ್ಚಳ ತೆಗೆಯಬಹುದಿತ್ತು. ಅಂಟು ಹಾಕಿ ಮುಚ್ಚಿದ ಲೋಹ-ಗಾಜಿನ ಫೋನುಗಳ ಕಾಲದಲ್ಲಿ ನಾವು ಆ ಸ್ವಾತಂತ್ರ್ಯವನ್ನು ಕಳೆದುಕೊಂಡೆವು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮ, ಕೆಲವು ವಿನಾಯಿತಿಗಳೊಂದಿಗೆ, ಬಳಕೆದಾರರೇ ಬ್ಯಾಟರಿ ತೆಗೆದು ಹಾಕುವಂತಿರಬೇಕೆಂದು ಹೇಳುತ್ತದೆ. ಅದು ಜಾರಿಗೆ ಬರಲು ಗೊತ್ತುಪಡಿಸಿದ ದಿನ 2027ರ ಫೆಬ್ರವರಿ 18.

ಪ್ಲಾಸ್ಟಿಕ್ಕಿನ ವಕೀಲಿಕೆ ಮಾಡಲು ನಾನು ಬಂದಿಲ್ಲ. ಅದು ಬೇಗ ಗೀರು ಬೀಳುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಬಹಳ ತೆಳುವಾದ, ದೊಡ್ಡ ಪರದೆಯ ಫೋನಿಗೆ ಬೇಕಾದ ಬಿಗಿ ಅದಕ್ಕಿಲ್ಲ; ಆದ್ದರಿಂದಲೇ ಅನೇಕ ಪ್ಲಾಸ್ಟಿಕ್ ಫೋನುಗಳ ಒಳಗೆ ಲೋಹದ ತಗಡಿರುತ್ತದೆ. ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಲು, ಅದಿರಿನಿಂದ ತೆಗೆಯುವುದಕ್ಕೆ ಬೇಕಾದ ಶಕ್ತಿಯ ಶೇಕಡ 5ರಷ್ಟು ಸಾಕು. ಬಣ್ಣ ಬಳಿದ ಪ್ಲಾಸ್ಟಿಕ್ಕಿಗೆ ಆ ಭಾಗ್ಯವಿಲ್ಲ. ಆದರೆ ಬೆಲೆಗೂ ಗುಣಕ್ಕೂ ನೇರ ನಂಟಿಲ್ಲ. ಪ್ಲಾಸ್ಟಿಕ್ ಮೈ ಅಗ್ಗವಾಗಲು ಮುಖ್ಯ ಕಾರಣ, ಅಚ್ಚಿನಲ್ಲಿ ಸುರಿದರೆ ಕೆಲವೇ ಸೆಕೆಂಡುಗಳಲ್ಲಿ ಅದು ತಯಾರು. ಲೋಹವನ್ನು ಯಂತ್ರದಲ್ಲಿ ಕೊರೆಯುತ್ತಾ ಕೂರಬೇಕು. 2021ರಲ್ಲಿ ಭಾರತದಲ್ಲಿ 69,999 ರೂಪಾಯಿಗೆ ಬಿಡುಗಡೆಯಾದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್21ರ ಬೆನ್ನು ಯಾವುದು ಗೊತ್ತೇ? ಪ್ಲಾಸ್ಟಿಕ್! ಅದನ್ನು ಹಿಡಿದವರನ್ನು ನೋಡಿ ಯಾರೂ ನಗಲಿಲ್ಲ.

ಎಸ್.ಎಸ್.ಎಲ್.ಸಿ. ಮುಗಿಸಿದವರಿಗೆ ಒಂದು ಮಾತು. ಅಚ್ಚು ತಯಾರಿಸುವುದು, ಲೋಹ ಕೊರೆಯುವುದು ಇವೆರಡೂ ಕಲಿಯಬಹುದಾದ ವಿದ್ಯೆಗಳು. ಸರ್ಕಾರದ ಜಿ.ಟಿ.ಟಿ.ಸಿ. ಕೇಂದ್ರಗಳಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಮೈಸೂರಿನ ಸಿಪೆಟ್ ಸಂಸ್ಥೆ ಪ್ಲಾಸ್ಟಿಕ್ ತಂತ್ರಜ್ಞಾನವನ್ನೇ ಕಲಿಸುತ್ತದೆ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನುಗಳ ಜೋಡಣೆ ನಡೆಯುತ್ತಿದೆ. ಗಡಿ ದಾಟಿದರೆ ಹೊಸೂರಿನಲ್ಲಿ ಅವುಗಳ ಹೊರಕವಚವೇ ತಯಾರಾಗುತ್ತದೆ. ಅರ್ಜಿ ತುಂಬುವುದಕ್ಕೆ ಸಹಾಯ ಬೇಕಾದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು.

ಆ ಹುಡುಗನ ಹಳೆಯ ಪ್ಲಾಸ್ಟಿಕ್ ಫೋನು ಏನಾಯಿತೆಂದು ಕೇಳುವಿರಾ? ಅದು ಈಗ ಅವನ ತಂದೆಯ ಆಟೋದಲ್ಲಿದೆ. ಎರಡು ಸಲ ರಸ್ತೆಗೆ ಬಿದ್ದಿದೆಯಂತೆ. ಮೊನ್ನೆ ಅವರು ನನಗೆ ಕರೆ ಮಾಡಿದ್ದು ಅದರಿಂದಲೇ. ದನಿ ಸ್ಪಷ್ಟವಾಗಿತ್ತು.

 ಪ್ರಶ್ನೆಗಳಿದ್ದರೆ ಕೇಳಿ.