ಇಳಿವಯಸ್ಸಿನ ಕಾವಲು

ಸರ್ಪಸುತ್ತು ಎಂಬ ಹೆಸರನ್ನು ತಾವೆಲ್ಲರೂ ಕೇಳಿರುತ್ತೀರಿ. ಸೊಂಟದ ಅಥವಾ ಎದೆಯ ಒಂದೇ ಮಗ್ಗುಲಿನಲ್ಲಿ ನೀರ್ಗುಳ್ಳೆಗಳು ಸಾಲಾಗಿ ಏಳುತ್ತವೆ, ಉರಿಯಂತೂ ಹೇಳತೀರದು. ಸುತ್ತಿಬಂದು ಹೆಡೆಯೂ ಬಾಲವೂ ಕೂಡಿದರೆ ಪ್ರಾಣಕ್ಕೆ ಸಂಚಕಾರವೆಂದು ಹಿಂದಿನವರು ನಂಬಿದ್ದರು. ನನ್ನ ಸೋದರತ್ತೆಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಇದು ಬಂದಾಗ ಮನೆಯವರು ಕೆಮ್ಮಣ್ಣು ಬಳಿದು ನಾಲ್ಕು ದಿನ ಕಾದರು. ನಾನೂ ಅಲ್ಲಿಯೇ ಇದ್ದೆ; ಬೇಡವೆನ್ನಲಿಲ್ಲ. ಗುಳ್ಳೆಗಳು ಒಣಗಿದವು. ನೋವು ಮಾತ್ರ ವರ್ಷ ಕಳೆದರೂ ಬಿಡಲಿಲ್ಲ. ಸೆರಗು ತಗುಲಿದರೂ ಅಯ್ಯೋ ಎನ್ನುವರು. ಗುಳ್ಳೆ ಎದ್ದ ಮೂರು ದಿನದೊಳಗಾಗಿ ವೈದ್ಯರ ಬಳಿಗೆ ಹೋಗಿ ವೈರಸ್ಸನ್ನು ತಡೆಯುವ ಗುಳಿಗೆ ಪಡೆಯಬೇಕಿತ್ತೆಂದು ಆಮೇಲೆ ತಿಳಿಯಿತು.

ಈ ಸರ್ಪ ಹೊರಗಿನಿಂದ ಬಂದುದಲ್ಲ. ಎಂದೋ ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸೇ ನರಗಳ ಬುಡದಲ್ಲಿ ಅಡಗಿದ್ದು, ಮೈಯ ಕಾವಲು ಸಡಿಲವಾದಾಗ ಹೊರಬೀಳುತ್ತದೆ. ಕಾವಲೇಕೆ ಸಡಿಲವಾಗಬೇಕು? ಎದೆಯೆಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿಯೊಂದಿದೆ. ರೋಗಾಣುಗಳನ್ನು ಗುರುತುಹಿಡಿಯುವ ಟಿ ಕಣಗಳಿಗೆ ಅದೇ ಗರಡಿಮನೆ. ಹರೆಯ ಕಳೆದಂತೆಲ್ಲ ಅದು ಕುಗ್ಗಿ ಕೊಬ್ಬಾಗುತ್ತ ಹೋಗುತ್ತದೆ. ಹೊಸ ಕಾವಲುಗಾರರು ವಿರಳರಾದ ಮೇಲೆ ಹಳಬರನ್ನೇ ಚೆನ್ನಾಗಿ ಸಾಕಿಕೊಳ್ಳಬೇಕಷ್ಟೆ.

ಸಾಕುವುದು ಊಟದಿಂದ. ನಮ್ಮಲ್ಲಿ ವಯಸ್ಸಾದವರು, ಅದರಲ್ಲಿಯೂ ಹೆಂಗಸರು, “ನನಗೇನಪ್ಪ, ಒಂದು ತುತ್ತು ಮಜ್ಜಿಗೆಯನ್ನ ಸಾಕು” ಎಂದು ರಾತ್ರಿ ಕಳೆಯುತ್ತಾರೆ. ನಾವು ಅದನ್ನು ಸಂಯಮವೆಂದು ಹೊಗಳುತ್ತೇವೆ. ನನಗೆ ಅದು ಮನೆಯವರ ಅಲಕ್ಷ್ಯವೆಂದೇ ತೋರುತ್ತದೆ. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಪ್ರೋಟೀನಿನಿಂದಲೇ ಆಗತಕ್ಕವು. ಮುಪ್ಪಿನಲ್ಲಿ ತೂಕದ ಕಿಲೋ ಒಂದಕ್ಕೆ ದಿನಕ್ಕೆ 1 ಗ್ರಾಮಿನಷ್ಟಾದರೂ ಪ್ರೋಟೀನು ಬೇಕು. 50 ಕಿಲೋ ತೂಗುವವರಿಗೆ 50 ಗ್ರಾಂ. 30 ಗ್ರಾಂ ಹೆಸರುಕಾಳಿನಲ್ಲಿ ದೊರೆಯುವುದು ಸುಮಾರು 7 ಗ್ರಾಂ ಮಾತ್ರ. ಆದುದರಿಂದ ಸಾರಿನ ತಿಳಿಯನ್ನು ಅಜ್ಜಿಗೆ ಬಡಿಸಿ ಅಡಿಯ ಬೇಳೆಯನ್ನು ಮೊಮ್ಮಗನಿಗೆ ಹಾಕುವ ಪದ್ಧತಿ ಬೇಡ. ಮೊಸರು, ಹುರಿಗಡಲೆ ಪುಡಿ, ಮೆತ್ತಗೆ ಬೆಂದ ಕಾಳು, ತಿನ್ನುವವರಿಗೆ ಮೊಟ್ಟೆ, ಇವೆಲ್ಲ ಹಲ್ಲಿಲ್ಲದಿದ್ದರೂ ಇಳಿಯುತ್ತವೆ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು.

ನಡಿಗೆ, ನಿದ್ದೆಗಳ ವಿಷಯ ತಮಗೆ ತಿಳಿದದ್ದೇ. ವಾರಕ್ಕೆ 150 ನಿಮಿಷದ ಬಿರುನಡಿಗೆ, ಇರುಳಿಗೆ ಏಳು ಗಂಟೆಯ ನಿದ್ದೆ, ಹೊಗೆಸೊಪ್ಪು ದೂರ.

ಕಷಾಯವನ್ನು ನಾನು ಹಳಿಯುವುದಿಲ್ಲ, ಗಂಟಲಿಗೆ ಹಿತ. ಆದರೆ ಲಸಿಕೆಯ ಕೆಲಸ ಅದರಿಂದಾಗದು. ಇನ್‌ಫ್ಲುಯೆಂಜಾ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು, ಏಕೆಂದರೆ ಆ ವೈರಸ್ಸು ವೇಷ ಬದಲಿಸುತ್ತಲೇ ಇರುತ್ತದೆ. ಸರ್ಪಸುತ್ತಿಗೂ 50 ದಾಟಿದವರಿಗೆಂದು ಲಸಿಕೆಯುಂಟು. 2023ರಿಂದ ನಮ್ಮ ದೇಶದಲ್ಲಿಯೂ ದೊರೆಯುತ್ತಿದೆ. 2ರಿಂದ 6 ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಬೆಲೆ ಹೆಚ್ಚು, ಅದನ್ನು ಮುಚ್ಚಿಡಲಾರೆ. ಒಮ್ಮೆ ಬಂದು ವಾಸಿಯಾದವರಿಗೂ ಕೊಡುತ್ತಾರೆ. ಅತ್ತೆ ಬೆಲೆ ಕೇಳಿ, “ಅಷ್ಟು ದುಡ್ಡಿಗೆ ಸೀರೆ ಬಂದೀತು” ಎಂದರು. ಕಡೆಗೆ ನಾನೂ ಜೊತೆಗೆ ಹಾಕಿಸಿಕೊಳ್ಳುತ್ತೇನೆಂದ ಮೇಲೆ ಹೊರಟರು. ಇಬ್ಬರಿಗೂ ಎರಡು ದಿನ ತೋಳು ನೋಯಿತು. ನನಗೆ ಸ್ವಲ್ಪ ಜ್ವರವೂ ಬಂದಿತು, ಅವರಿಗೆ ಅದೂ ಇಲ್ಲ.